ಒಂಬತ್ತರ ಆಚೆಯ ಆಟ

ಓಟರ್ ಪ್ರೈರಿ
13 ಮೇ 1974

ಡೆಲ್ಮರ್,

ಆರ್ವಿಡ್‌ನನ್ನು ಮಣ್ಣು ಮಾಡಿ ಬಂದ ಮೇಲೆ ನಾನು ನಿನಗೆ ಕಾಗದ ಬರೆದಿಲ್ಲ. ಯಾಕೆಂದು ನಿನಗೇ ಗೊತ್ತು. ಸ್ವಂತ ಭಾವನ ಅಂತ್ಯಕ್ರಿಯೆಗಿಂತ ನಿನಗೆ ಅವತ್ತಿನ ಆಟ ದೊಡ್ಡದಾಯಿತು. ಆ ಸಿಟ್ಟು ಇಳಿಯಿತೆಂದು ಈಗ ಬರೆಯುತ್ತಿಲ್ಲ. ಬರೆಯುತ್ತಿರುವುದು ನಿನ್ನ ರೇಡಿಯೋ ವಿಷಯಕ್ಕೆ.

ಸಿಟ್ಟು ಎಷ್ಟೇ ಇರಲಿ, ಭಾನುವಾರ ಮಧ್ಯಾಹ್ನ ನೀನು ಹೇಳುವ ಬೇಸ್‌ಬಾಲ್ ಆಟ ಕೇಳುವುದನ್ನು ನಾನು ಬಿಟ್ಟಿಲ್ಲ. ಮೇವಿನ ಅಂಗಡಿಗೆ ಅವತ್ತು ರಜೆ. ಹಿಂದಿನ ಕೋಣೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಾ ಕೇಳುತ್ತೇನೆ. ನಿನ್ನೆ ನಿಮ್ಮ ಬ್ರೂನರ್ಸ್ ಫೆರಿ ಹೆರನ್ಸ್ ಎಂದಿನಂತೆ ಸೋತರು. ಕೊಕ್ಕರೆಯ ಹೆಸರಿಟ್ಟುಕೊಂಡಿದ್ದಕ್ಕೆ ಸರಿಯಾಗಿ, ಚೆಂಡು ಬಂದರೂ ಒಂಟಿ ಕಾಲಲ್ಲಿ ನಿಂತು ನೋಡುತ್ತಾರೆ. ಕೊನೆಯ, ಒಂಬತ್ತನೇ ಇನ್ನಿಂಗ್ಸ್ ಮುಗಿಯಿತು, ನೀನು "ಇಲ್ಲಿಗೆ ಆಟ ಮುಗೀತು, ಎಲ್ಲರೂ ಮನೆ ಸೇರ್ಕೊಳ್ಳಿ" ಅಂದೆ. ನನ್ನ ಕೈ ನೀರಲ್ಲಿತ್ತು, ಎದ್ದು ರೇಡಿಯೋ ಆರಿಸಲಿಲ್ಲ.

ಆಮೇಲೆ ಪೋಲ್ಕಾ ಸಂಗೀತ ಬರಬೇಕಿತ್ತಲ್ಲ, ಬರಲಿಲ್ಲ. ಸ್ವಲ್ಪ ಹೊತ್ತು ಗೊರಗೊರ ಸದ್ದು, ಮತ್ತೆ ಜನರ ಗದ್ದಲ, ಹತ್ತನೇ ಇನ್ನಿಂಗ್ಸ್ ಶುರುವಾಗಿಬಿಟ್ಟಿತು. ಸೋತು ಮುಗಿದ ಆಟ ಸಮವಾಗಿ ನಿಂತಿದೆ ಅನ್ನುತ್ತಿದ್ದೆ ನೀನು. ಹನ್ನೊಂದರಲ್ಲಿ ಪೆಟ್ರಿ ಅನ್ನುವ ಕ್ಯಾಚರ್ ಬಲಗಡೆ ಬೇಲಿಗೆ ಹೊಡೆದ, ನೀವು ಗೆದ್ದಿರಿ. ನಿನಗೆ ಶೀತ ಆಗಿತ್ತೋ ಏನೋ, ದನಿ ಬೇರೆ ಥರ ಇತ್ತು. ಒಬ್ಬೊಬ್ಬರ ಹೆಸರಿಗೆ ಮುಂಚೆಯೂ ಒಂದು ಗುಟುಕು ನುಂಗಿದ ಹಾಗೆ ತಡೆಯುತ್ತಿದ್ದೆ. ಹೊರಗೆ ಒಳ್ಳೆ ಬಿಸಿಲು, ಕೋಳಿಗಳು ಅಂಗಳದಲ್ಲಿ ಕೆದಕುತ್ತಿದ್ದವು. ಆದರೂ ನನ್ನ ಕತ್ತಿನ ಹಿಂದೆ ತಣ್ಣಗಾಯಿತು.

ಸೋತ ಆಟವನ್ನು ಗೆಲ್ಲಿಸಿ ಹೇಳಿ ಮುದುಕಿಯರನ್ನು ಸಮಾಧಾನ ಮಾಡುವ ಹೊಸ ಕಾರ್ಯಕ್ರಮವೋ ಇದು? ಹೌದಾದರೆ ತಿಳಿಸು.

ಆರ್ಫಾ

*

ಬ್ರೂನರ್ಸ್ ಫೆರಿ
18 ಮೇ 1974

ಅಕ್ಕ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಅಂಚೆಯವನ ಎದುರಿಗೇ ಒಡೆದೆ. ಬೈದಿದ್ದೀಯ, ಬೈಸಿಕೊಂಡಿದ್ದೇನೆ. ಆರ್ವಿಡ್ ಭಾವನ ವಿಷಯ ಬರೆಯಲು ಕೂತರೆ ಮಾತ್ರ ಪೆನ್ನು ಮುಂದೆ ಹೋಗುವುದಿಲ್ಲ.

ಕಳೆದ ಭಾನುವಾರ ನಾನು ಮೈಕ್ ಮುಚ್ಚಿ ಎದುರಿನ ಹೋಟೆಲಿಗೆ ಹೋಗಿ ಹುರುಳಿಕಾಯಿ ಸೂಪು ಕುಡಿದೆ. ಅಲ್ಲಿನ ರೇಡಿಯೋದಲ್ಲಿ ಪೋಲ್ಕಾ ಬರುತ್ತಿತ್ತು, ನಾನೇ ಕೇಳಿದ್ದೇನೆ. ನನಗೆ ಶೀತವೂ ಇಲ್ಲ, ನಮ್ಮಲ್ಲಿ ಪೆಟ್ರಿ ಅನ್ನುವವನೂ ಇಲ್ಲ. ನೀನಿರುವುದು ನಮ್ಮ ಸ್ಟೇಷನ್ ಕೇಳಿಸುವ ಕಟ್ಟಕಡೆಯಲ್ಲಿ. ಬೇರೆ ಯಾವುದೋ ಊರಿನ ಆಟ ಬಂದು ಅಂಟಿಕೊಂಡಿರಬೇಕು.

ಇಲ್ಲಿ ಒಂದು ಒಳ್ಳೆ ಸುದ್ದಿ ಇದೆ. ಪ್ರತಿ ಬೇಸಿಗೆ ಊರಿನವರು ಒಬ್ಬೊಬ್ಬ ಆಟಗಾರನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇವಲ್ಲ, ಈ ಸಲ ನನ್ನ ಪಾಲಿಗೆ ಎಮ್ಮೆಟ್ ಸ್ಲೋಕಮ್ ಬಂದಿದ್ದಾನೆ. ಪಿಚರ್, ಅಂದರೆ ಚೆಂಡು ಎಸೆಯುವವನು. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲ ಗುಡ್ಡದವನು, ಇಪ್ಪತ್ತು ದಾಟಿದೆ. ಮನೆಯಲ್ಲಿ ಬೆಕ್ಕು ಓಡಾಡಿದಷ್ಟೂ ಸದ್ದಿಲ್ಲ. ಮೈದಾನದಲ್ಲಿ ಅವನೆಸೆದ ಚೆಂಡು ಕ್ಯಾಚರ್‌ನ ಕೈಗವಸಿಗೆ ಬಿದ್ದರೆ ಬಾಗಿಲು ಬಡಿದ ಹಾಗೆ ಕೇಳಿಸುತ್ತದೆ. ಇಷ್ಟು ವರ್ಷ ಈ ಸೋಲುವ ತಂಡವನ್ನು ಹಿಂಬಾಲಿಸಿದ್ದಕ್ಕೆ ಒಬ್ಬನಾದರೂ ಇಲ್ಲಿಂದ ದೊಡ್ಡ ತಂಡಕ್ಕೆ ಹೋಗುವುದನ್ನು ನೋಡಿಯೇ ಸಾಯುತ್ತೇನೆ.

ಬೈಯುವುದಕ್ಕಾದರೂ ಬರೆಯುತ್ತಿರು.

ಡೆಲ್

*

ಬ್ರೂನರ್ಸ್ ಫೆರಿ
7 ಜೂನ್ 1974

ಅಕ್ಕ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಬಸ್ಸಿನಿಂದ ಒಬ್ಬ ಹುಡುಗ ಇಳಿದ. ನಮ್ಮ ಕ್ಯಾಚರ್ ಬೆರಳು ಮುರಿದುಕೊಂಡಿದ್ದಕ್ಕೆ ಕೆಳಗಿನ ದರ್ಜೆಯ ತಂಡದಿಂದ ಕಳಿಸಿದ್ದಾರೆ. ಹೆಸರು ಕೇಳಿದೆ.

"ಪೆಟ್ರಿ ಸಾರ್," ಅಂದ.

ನಾನು ಅವನ ಕೈ ಹಿಡಿದವನು ಬಿಡುವುದನ್ನೇ ಮರೆತೆ. "ಏನ್ ಸಾರ್, ನಾನೇನಾದ್ರೂ ನಿಮ್ಗೆ ಸಾಲ ಕೊಡ್ಬೇಕಿತ್ತಾ?" ಅಂತ ನಕ್ಕ. ತಾನು ಹೆರನ್ಸ್‌ಗೆ ಬರುತ್ತೇನೆಂದು ಮೇ ತಿಂಗಳಲ್ಲಿ ಇವನಿಗೇ ಗೊತ್ತಿರಲಿಲ್ಲ.

ಆಟ ಮುಗಿದ ಮೇಲೂ ರೇಡಿಯೋ ಆರಿಸಬೇಡ. ಕೇಳಿಸಿದ್ದನ್ನೆಲ್ಲ ಬರೆ. ಇಲ್ಲಿ ಯಾರಿಗೂ ಹೇಳಿಲ್ಲ, ಹೇಳಿದರೆ ಮೈಕ್ ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ.

ಡೆಲ್

*

ಓಟರ್ ಪ್ರೈರಿ
24 ಜೂನ್ 1974

ಡೆಲ್,

ಎರಡು ಭಾನುವಾರ ಬರೀ ಪೋಲ್ಕಾ ಬಂತು. ನನಗೆ ಬೇಸರವೇ ಆಯಿತು ಅಂದರೆ ನೀನು ನಗುತ್ತೀಯ. ನಿನ್ನೆ ಮತ್ತೆ ಗೊರಗೊರ, ಮತ್ತೆ ಹತ್ತನೇ ಇನ್ನಿಂಗ್ಸ್.

ಅದೇ ಆಟ. ಪೆಟ್ರಿಯ ಅದೇ ಹೊಡೆತ, ಅದೇ ಬಲಗಡೆ ಬೇಲಿ. ಈ ಸಲ ಸದ್ದು ತಿಳಿಯಾಗಿತ್ತು, ಹಿಂದೆ ಕೇಳಿಸದ ಮಾತುಗಳೂ ಕೇಳಿದವು. ಇದು ಈ ವರ್ಷದ ಆಟಗಳ ಕೊನೆಯ ಭಾನುವಾರ ಅಂದೆ ನೀನು. ಹುಡುಗರೆಲ್ಲ ತೋಳಿಗೆ ಕಪ್ಪು ಪಟ್ಟಿ ಹಾಕಿದ್ದಾರೆ, ಯಾರಿಗಾಗಿ ಅಂತ ಈ ಊರಿಗೆ ಹೇಳಬೇಕಾಗಿಲ್ಲ ಅಂದೆ. ನೀನು ಹೆಸರು ಹೇಳಲಿಲ್ಲ ಡೆಲ್. ನಾನು ಚಾಕು ಕೆಳಗಿಟ್ಟು ರೇಡಿಯೋಗೆ ಕಿವಿ ಹಚ್ಚಿ ಕೂತೆ. ಎಲ್ಲರ ಹೆಸರೂ ಬಂತು, ನಿನ್ನ ಸ್ಲೋಕಮ್‌ನ ಹೆಸರು ಎಲ್ಲೂ ಬರಲಿಲ್ಲ. ಅವನು ಎಸೆಯಲಿಲ್ಲ, ಬೆಂಚಿನ ಮೇಲಿದ್ದಾನೆ ಅಂತಲೂ ಯಾರೂ ಹೇಳಲಿಲ್ಲ.

ಇದನ್ನು ಬರೆಯಬೇಕೋ ಬೇಡವೋ ಅಂತ ಬೆಳಿಗ್ಗೆಯಿಂದ ಅಂಗಡಿಯಲ್ಲಿ ಅತ್ತಿತ್ತ ಓಡಾಡಿದೆ. ನೀನೇ ಬರೆ ಅಂದಿದ್ದೆ.

ನಿನ್ನಕ್ಕ

*

ಬ್ರೂನರ್ಸ್ ಫೆರಿ
3 ಜುಲೈ 1974

ಅಕ್ಕ,

ಆಟ ಹೇಳುತ್ತಿರುವುದು ನಾನು, ಅಂದರೆ ನಾನಿದ್ದೇನೆ. ಇಲ್ಲದಿರುವುದು ಎಮ್ಮೆಟ್. ಎಷ್ಟು ಸಲ ಮಗುಚಿ ನೋಡಿದರೂ ಇದೇ ಅರ್ಥ ಬರುತ್ತದೆ.

ಈ ವಾರವೇ ಮೇಲಿನ ತಂಡದವರು ಫೋನ್ ಮಾಡಿದ್ದಾರೆ. ಹದಿನಾಲ್ಕನೇ ತಾರೀಕಿನ ಆಟ ನೋಡಲು ಅವರ ಕಡೆಯವನೊಬ್ಬ ಬರುತ್ತಾನಂತೆ. ಚೆನ್ನಾಗಿ ಎಸೆದರೆ ಸಣ್ಣ ವಿಮಾನದಲ್ಲಿ ಕೂರಿಸಿಕೊಂಡು ಮಾರನೆಯ ದಿನವೇ ಕರೆದೊಯ್ಯುತ್ತಾರೆ. ಎಮ್ಮೆಟ್ ಈವರೆಗೆ ವಿಮಾನ ಹತ್ತಿಲ್ಲ. ನಿನ್ನೆ ಊಟದ ಮೇಜಿನಲ್ಲಿ ತಾನಾಗಿ ಮಾತಾಡಿದ. "ಮೇಲಿಂದ ನಮ್ಮೂರ ಗುಡ್ಡ ಕಾಣ್ಸತ್ತಾ ಸಾರ್?" ಅಂತ ಕೇಳಿದ.

ಹೋಗಬೇಡ ಅಂತ ಯಾವ ಬಾಯಲ್ಲಿ ಹೇಳಲಿ? ಹುಟ್ಟಿದಾಗಿನಿಂದ ಅವನು ಕಾದಿದ್ದು ಅದಕ್ಕೇ. ನಾನು ಕಾದಿದ್ದೂ ಅದಕ್ಕೇ.

ಡೆಲ್

*

ಬ್ರೂನರ್ಸ್ ಫೆರಿ
16 ಜುಲೈ 1974

ಅಕ್ಕ,

ನೀನೂ ಕೇಳಿದ್ದೀಯ. ಆದರೂ ನಾನೇ ಬರೆಯಬೇಕು.

ಏಳು ಇನ್ನಿಂಗ್ಸ್‌ವರೆಗೆ ಎಮ್ಮೆಟ್ ಎದುರಾಳಿಗಳಿಗೆ ಒಂದೇ ಒಂದು ಹಿಟ್ ಕೂಡ ಕೊಟ್ಟಿರಲಿಲ್ಲ. ಅಂಥ ಹೊತ್ತಿನಲ್ಲಿ ಆ ಮಾತು ಆಡಿದರೆ ದೃಷ್ಟಿ ತಾಗಿ ಕೆಡುತ್ತದೆಂದು ಯಾರೂ ಬಾಯಿಗೆ ತರುವುದಿಲ್ಲ, ನಿನಗೆ ಗೊತ್ತು. ಹುಡುಗರು ಅವನ ಪಕ್ಕ ಕೂರುವುದಿಲ್ಲ, ಮುಖ ನೋಡುವುದಿಲ್ಲ. ನಾನೂ ಇಷ್ಟು ವರ್ಷದಲ್ಲಿ ಒಮ್ಮೆಯೂ ಮೈಕಿನಲ್ಲಿ ಅದನ್ನು ಹೇಳಿದವನಲ್ಲ. ನಾನು ಕೂತು ಆಟ ಹೇಳುವ ಗೂಡು ಇರುವುದು ಹುಡುಗರ ಬೆಂಚಿನ ನೆತ್ತಿಯ ಮೇಲೆ, ಕಿಟಕಿ ತೆರೆದಿತ್ತು. ಮೇಲಿನ ತಂಡದವನು ಆಗಲೇ ಪುಸ್ತಕ ಮುಚ್ಚಿ ನಗುತ್ತಿದ್ದ.

ಬೇಕೆಂದೇ ಹೇಳಿದೆ. ಗಂಟಲು ಎತ್ತರಿಸಿ ಹೇಳಿದೆ. "ಸ್ಲೋಕಮ್ ಇವತ್ತು ಒಂದೂ ಹಿಟ್ ಕೊಟ್ಟಿಲ್ಲ, ಇನ್ನಾರು ಜನ ಔಟ್ ಆದ್ರೆ ಮುಗೀತು."

ಇಡೀ ಮೈದಾನ ನನ್ನ ಕಡೆ ತಿರುಗಿತು. ಕಡಲೆಕಾಯಿ ಮಾರುವವನು ಬುಟ್ಟಿ ಕೆಳಗಿಟ್ಟು, "ಆ ಮುದುಕನ ಬಾಯಿಗೆ ಯಾರಾದ್ರೂ ಕಾಲ್ಚೀಲ ತುರುಕ್ರೋ," ಅಂತ ಕೂಗಿದ. ಎಮ್ಮೆಟ್ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಏನೋ ಅರ್ಥವಾಗದವನ ಹಾಗೆ ನೋಡಿದ. ಎರಡನೇ ಎಸೆತಕ್ಕೆ ಅವನ ಮೊಣಕೈಯೊಳಗೆ ಏನೋ ಕಿತ್ತುಹೋಯಿತು.

ಅವನು ಒಂದು ಹಿಟ್ ಕೊಡಲಿ, ಇಲ್ಲೇ ಉಳಿಯಲಿ, ಬದುಕಲಿ ಅಂತ ನಾನು ಬಯಸಿದ್ದು. ಕೈ ಹೋಗಲಿ ಅಂತ ಅಲ್ಲ.

ಡೆಲ್

*

ಬ್ರೂನರ್ಸ್ ಫೆರಿ
22 ಜುಲೈ 1974

ಅಕ್ಕ,

ಎಮ್ಮೆಟ್ ಬದಲು ಬೇರೊಬ್ಬನನ್ನು ವಿಮಾನದಲ್ಲಿ ಕರೆದೊಯ್ದರು. ಸುಖವಾಗಿ ಇಳಿದ. ನಿನ್ನೆ ಅಲ್ಲಿ ಆಡಿ ಗೆದ್ದೂ ಗೆದ್ದ. ಆ ವಿಮಾನಕ್ಕೆ ಏನೂ ಆಗಲಿಲ್ಲ ಅಕ್ಕ.

ಎಮ್ಮೆಟ್ ಇನ್ನು ಎಸೆಯುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಹಿಂದಿನ ಕೋಣೆಯಲ್ಲೇ ಇದ್ದಾನೆ, ಊರಿಗೆ ಹೋಗಲು ನಾಚಿಕೆಯಂತೆ. ನಾನು ಮಾಡಿದ್ದನ್ನು ಅವನಿಗೆ ಹೇಳಿದೆ. "ಐದ್ನೇ ಇನ್ನಿಂಗ್ಸಿಂದ್ಲೇ ನೋಯ್ತಿತ್ತು ಸಾರ್, ನಿಮ್ಮ ಮಾತಿಗೆಲ್ಲ ಮೂಳೆ ಮುರಿಯಲ್ಲ," ಅಂದ. ನನ್ನನ್ನು ಸಮಾಧಾನ ಮಾಡಲು ಹೇಳಿದನೋ ಏನೋ. ಸುಮ್ಮನೆ ಕೂತರೆ ಕೊರಗುತ್ತಾನೆಂದು ಮುಂದಿನ ಭಾನುವಾರ ಮೈಕ್ ಮುಂದೆ ಕೂರಿಸುತ್ತಿದ್ದೇನೆ. ಒಂದೆರಡು ಇನ್ನಿಂಗ್ಸ್ ಹೇಳಲಿ.

ಕೊನೆಯ ಭಾನುವಾರ ಇನ್ನೂ ದೂರವಿದೆ. ಅವನನ್ನು ಈಜಲೂ ಬಿಡುತ್ತಿಲ್ಲ, ಏಣಿ ಹತ್ತಲೂ ಬಿಡುತ್ತಿಲ್ಲ.

ಡೆಲ್

*

ಓಟರ್ ಪ್ರೈರಿ
29 ಜುಲೈ 1974

ಡೆಲ್, ನನ್ನ ಪುಟ್ಟ ತಮ್ಮ,

ನಿನ್ನೆ ಆ ಹುಡುಗ ಮಾತಾಡಿದ್ದನ್ನು ಕೇಳಿದೆ. ಒಬ್ಬೊಬ್ಬರ ಹೆಸರಿಗೆ ಮುಂಚೆಯೂ ಒಂದು ಗುಟುಕು ನುಂಗಿದ ಹಾಗೆ ತಡೆಯುತ್ತಾನೆ.

ಮೇ ತಿಂಗಳಲ್ಲಿ ನಿನಗೆ ಶೀತ ಆಗಿರಲಿಲ್ಲ ಡೆಲ್. ಒಂಬತ್ತರ ಆಚೆ ನಾನು ಕೇಳಿದ್ದು ನಿನ್ನ ದನಿಯೇ ಅಲ್ಲ. ನಿಮ್ಮ ಸ್ಟೇಷನ್, ನಿಮ್ಮ ತಂಡ, ಹೇಳುವವನೂ ನೀನೇ ಅಂದುಕೊಂಡುಬಿಟ್ಟೆ. ಸ್ಲೋಕಮ್‌ನ ಹೆಸರು ಅವನ ಬಾಯಲ್ಲಿ ಬರಲಿಲ್ಲ, ಯಾಕೆಂದರೆ ಹೇಳುತ್ತಿದ್ದವನೇ ಅವನು.

ಕೊನೆಯ ಭಾನುವಾರದ ಆಟವನ್ನು ನೀನು ಯಾಕೆ ಹೇಳುತ್ತಿಲ್ಲ ಅಂತ ನಾನು ಬರೆಯುವುದಿಲ್ಲ. ನಾಳೆಯೇ ಹೊರಟು ಇಲ್ಲಿಗೆ ಬಾ. ಹಾಸಿಗೆ ಹಾಕಿಟ್ಟಿದ್ದೇನೆ. ಸೆಪ್ಟೆಂಬರ್ ದಾಟುವವರೆಗೆ ನೀನು ಹೊಸಿಲು ದಾಟಬೇಡ. ಆರ್ವಿಡ್‌ನ ವಿಷಯ ನಾನು ಇನ್ನೊಮ್ಮೆ ಎತ್ತುವುದಿಲ್ಲ, ಆಣೆ.

ಆರ್ಫಾ

*

ಬ್ರೂನರ್ಸ್ ಫೆರಿ
8 ಆಗಸ್ಟ್ 1974

ಅಕ್ಕ,

ನಿನ್ನ ಕಾಗದ ಜೇಬಿನಲ್ಲೇ ಇದೆ. ಮೊದಲು ನಿಜವಾಗಿ ಸಂತೋಷವಾಯಿತು. ಹುಡುಗನಿಗೆ ಏನೂ ಆಗುವುದಿಲ್ಲ. ಅವತ್ತೇ ಅವನನ್ನು ಹೊಳೆಗೆ ಈಜಲು ಕಳಿಸಿದೆ. ಹೆದರಿಕೆ ಆಮೇಲೆ ಬಂತು, ಸ್ನಾನ ಮಾಡುತ್ತಿರುವಾಗ. ಸೋಪು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಬರುವುದಿಲ್ಲ ಅಕ್ಕ, ಬೈಯಬೇಡ. ಬಂದರೆ ನಿನ್ನ ಹಿಂದಿನ ಕೋಣೆಯಲ್ಲಿ ಸಾಯಬೇಕಾಗುತ್ತದೆ, ಅಲ್ಲಿ ನಮ್ಮ ಸ್ಟೇಷನ್ನೂ ಸರಿಯಾಗಿ ಹಿಡಿಯುವುದಿಲ್ಲ. ಒಬ್ಬನನ್ನು ಉಳಿಸಲು ಹೋಗಿ ಅವನ ಕೈ ಕಳೆದೆ. ನನ್ನನ್ನು ಉಳಿಸಲು ಹೋಗಿ ಇನ್ನೇನು ಕಳೆಯುತ್ತೇನೋ, ಸಾಕು. ಇಲ್ಲಿ ಕೆಲಸವೂ ಇದೆ. ಹುಡುಗನಿಗೆ ಮೂರು ವಾರದಲ್ಲಿ ಎಲ್ಲ ಕಲಿಸಬೇಕು. ಚೆಂಡು ಗಾಳಿಯಲ್ಲಿರುವಾಗ ಬಾಯಿ ಮುಚ್ಚಿ ಜನರ ಸದ್ದು ಕೇಳಿಸಬೇಕು, ಸೋಲುವಾಗ ಸ್ಕೋರನ್ನು ಬೇಗ ಹೇಳಿ ಮುಗಿಸಬೇಕು, ಇಂಥವು. ನಮ್ಮ ತಂಡಕ್ಕೆ ಎರಡನೆಯದು ಬಹಳ ಬೇಕಾಗುತ್ತದೆ.

"ಹೆಸರು ಹೇಳೋಕ್ಮುಂಚೆ ಅದೇನೋ ನುಂಗ್ತೀಯಲ್ಲ, ಯಾಕೋ?" ಅಂತ ಕೇಳಿದೆ.

"ತಪ್ಪು ಹೆಸ್ರು ಬಂದ್ಬಿಟ್ರೆ ಅಂತ ಹೆದ್ರಿಕೆ ಸಾರ್."

"ಬಂದ್ರೆ ಬರ್ಲಿ, ಯಾರು ಕೇಳ್ತಾರೆ?"

"ನಿಮ್ಮಕ್ಕ ಕೇಳ್ತಾರಲ್ಲ."

ಆ ಅಭ್ಯಾಸ ತಿದ್ದಲಿಲ್ಲ. ತಿದ್ದಿದ್ದರೆ ನಿನಗೆ ಅವನ ಗುರುತು ಸಿಗುತ್ತಿರಲಿಲ್ಲ.

ಆರ್ವಿಡ್ ಭಾವನ ವಿಷಯ. ಅವತ್ತು ಆಟ ಒಂದು ನೆಪ. ಅವನನ್ನು ಪೆಟ್ಟಿಗೆಯಲ್ಲಿ ನೋಡುವ ಧೈರ್ಯ ನನಗಿರಲಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಮೊದಲು ಆಟಕ್ಕೆ ಕರೆದುಕೊಂಡು ಹೋದವನು ಅವನೇ. ನೀನು ಆಗ ಅವನ ಇನ್ನೊಂದು ಪಕ್ಕದಲ್ಲಿ ಕೂತಿದ್ದೆ.

ನಿನ್ನ ತಮ್ಮ

*

ಬ್ರೂನರ್ಸ್ ಫೆರಿ
29 ಆಗಸ್ಟ್ 1974

ಆರ್ಫಾ ಅಮ್ಮಾ,

ಮೊನ್ನೆ ಹೊರಡುವ ಗಡಿಬಿಡಿಯಲ್ಲಿ ನಿಮ್ಮ ಕೈಗವಸು ಇಲ್ಲೇ ಬಿಟ್ಟಿದ್ದೀರಿ, ಇದರ ಜೊತೆ ಕಳಿಸುತ್ತಿದ್ದೇನೆ. ಸಮಾಧಿಯ ಹತ್ತಿರ ನೀವು ನನ್ನ ಪಟ್ಟಿ ಕಟ್ಟಿದ ಕೈಯನ್ನೇ ಹಿಡಿದುಕೊಂಡು ನಿಂತಿದ್ದಿರಿ. ಅಲ್ಲಿ ಕೇಳಲಾಗದ್ದನ್ನು ನೀವು ಕೇಳದೆ ಹೋದಿರಿ, ಆದ್ದರಿಂದ ಬರೆಯುತ್ತಿದ್ದೇನೆ. ಡೆಲ್ಮರ್ ಸಾರ್ ತೀರಿಕೊಂಡ ದಿನ ಆಟ ಇರಲಿಲ್ಲ. ತಿಂಡಿಗೆ ಕರೆಯಲು ಹೋದರೆ ಕೋಣೆಯಲ್ಲಿರಲಿಲ್ಲ. ಮೈದಾನದ ಮೇಲಿನ ಗೂಡಿನಲ್ಲಿ ಕಿಟಕಿ ತೆಗೆದುಕೊಂಡು ಕೂತಿದ್ದರು. ಖಾಲಿ ಮೈದಾನ ನೋಡುತ್ತಿದ್ದಾರೆ ಅಂದುಕೊಂಡು ನಾನು ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಮಾತಾಡಿದೆ ಕೂಡ. ಅವರ ಮುಖದಲ್ಲಿ ನೋವಿರಲಿಲ್ಲ.

ಭಾನುವಾರ ನಾನೇ ಹೇಳಬೇಕು. ಹುಡುಗರು ಕಪ್ಪು ಪಟ್ಟಿ ಹೊಲಿದುಕೊಳ್ಳುತ್ತಿದ್ದಾರೆ, ಪೆಟ್ರಿ ತನ್ನದನ್ನು ಸೊಟ್ಟ ಹೊಲಿದಿದ್ದಾನೆ. ಡೆಲ್ಮರ್ ಸಾರ್ ನನಗೆ ಎಲ್ಲವನ್ನೂ ಹೇಳಿದ್ದರು. ಒಂದು ಬೇಡಿಕೆ ಇದೆ. ಆಟ ಮುಗಿದ ಮೇಲೆ ಏನಾದರೂ ಕೇಳಿಸಿದರೆ ನನಗೆ ಬರೆಯಬೇಡಿ.

ನಿಮ್ಮ ವಿಧೇಯ
ಎಮ್ಮೆಟ್ ಸ್ಲೋಕಮ್

*

ಓಟರ್ ಪ್ರೈರಿ
2 ಸೆಪ್ಟೆಂಬರ್ 1974

ಎಮ್ಮೆಟ್,

ಬರೆಯಬೇಡಿ ಅಂದಿದ್ದೆ, ಬರೆಯುತ್ತಿದ್ದೇನೆ. ಹೆದರಬೇಡ, ಇದರಲ್ಲಿ ನಿನ್ನ ವಯಸ್ಸಿನವರ ವಿಷಯ ಯಾವುದೂ ಇಲ್ಲ.

ನಿನ್ನೆಯ ಆಟವನ್ನು ಮೊದಲಿನಿಂದ ಕೇಳಿದೆ. ಒಂಬತ್ತಕ್ಕೆ ಸಮವಾಯಿತು, ಹತ್ತು ಬಂತು, ಹನ್ನೊಂದು ಬಂತು. ಪೆಟ್ರಿಯ ಹೆಸರಿಗೆ ಮುಂಚೆ ನೀನು ತಡೆದಾಗ, ಬಲಗಡೆ ಬೇಲಿಗೆ ಅಂತ ನಾನೇ ಮೊದಲು ಬಾಯಿಬಿಟ್ಟು ಹೇಳಿದೆ. ಚೆಂಡು ಗಾಳಿಯಲ್ಲಿರುವಾಗ ನೀನು ಬಾಯಿ ಮುಚ್ಚಿಕೊಂಡಿದ್ದೆ. ಅವನು ಕಲಿಸಿದ್ದನ್ನು ಸರಿಯಾಗಿ ಮಾಡಿದೆ. ಗೆದ್ದಿರಿ. ನೀನು ಅವನ ಮಾತಿನಲ್ಲೇ ಎಲ್ಲರನ್ನೂ ಮನೆಗೆ ಕಳಿಸಿದೆ. ನಾನು ಅತ್ತೆ.

ಏಳಲಿಲ್ಲ. ಗೊರಗೊರ ಸದ್ದು ಬಂತು, ಆಮೇಲೆ ಹನ್ನೆರಡನೇ ಇನ್ನಿಂಗ್ಸ್.

ಈ ಸಲ ಡೆಲ್ಮರ್‌ನ ದನಿ, ಸಂದೇಹವೇ ಇಲ್ಲ. ಶೀತವಿರಲಿಲ್ಲ, ದಣಿವೂ ಇರಲಿಲ್ಲ. ಅಲ್ಲೂ ಕೊಕ್ಕರೆಗಳು ಸೋಲುತ್ತಿದ್ದವು, ಅವನು ಸ್ಕೋರನ್ನು ಬೇಗ ಹೇಳಿ ಮುಗಿಸಿದ. ಆಮೇಲೆ ಆಟದ ನಡುವೆ ಅಂದ: "ನಮ್ಮ ಭಾವ ಆರ್ವಿಡ್ ಇವತ್ತು ಬಂದಿದ್ದಾರೆ, ಕೆಳಗೆ ಮೂರನೇ ಸಾಲಲ್ಲಿ ಕೂತಿದ್ದಾರೆ. ಪಕ್ಕದ ಸೀಟಿನ ಮೇಲೆ ಟೊಪ್ಪಿ ಇಟ್ಟಿದ್ದಾರೆ. ಯಾರು ಕೇಳಿದ್ರೂ ತೆಗೀತಿಲ್ಲ."

ಆರ್ವಿಡ್ ಯಾರಿಗೆ ಜಾಗ ಹಿಡಿದಿದ್ದಾನೆಂದು ನನಗೆ ಗೊತ್ತು. ನಲವತ್ತು ವರ್ಷ ಅವನು ಹಾಗೇ ಹಿಡಿದಿದ್ದಾನೆ, ನಾನು ಯಾವಾಗಲೂ ತಡವಾಗಿಯೇ ಹೋಗಿದ್ದೇನೆ.

ಆ ಆಟ ಮುಗಿಯುವ ಮುಂಚೆ ನಾನು ಕೈ ಒರೆಸಿಕೊಂಡು ಎದ್ದು ರೇಡಿಯೋ ಆರಿಸಿದೆ. ನಾಳೆ ಮೇವಿನ ಲಾರಿ ಬರುವುದಿದೆ. ಮುಂದಿನ ಮೇ ತಿಂಗಳಲ್ಲಿ ಆಟ ಹೇಳುವವನು ನೀನೇ ತಾನೆ? ಕೇಳುತ್ತಿರುತ್ತೇನೆ.

ಡೆಲ್ಮರ್‌ನ ಅಕ್ಕ
ಆರ್ಫಾ